ಕುರ್ಚಿ ಬಿಟ್ಟ ಮೇಲೂ ಉಳಿಯುವ ಕಸುಬು

ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಆ ಹೊತ್ತಿಗೆ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ಎಂ. ವಿಶ್ವೇಶ್ವರಯ್ಯನವರು ಅದಾಗಲೇ ಒಮ್ಮೆ ನಿವೃತ್ತರಾಗಿದ್ದವರು. ಮುಂಬಯಿ ಸರ್ಕಾರದ ನೌಕರಿಯನ್ನು ಅವರು 1908ರಲ್ಲಿ, ಐವತ್ತು ತುಂಬುವ ಮೊದಲೇ, ತಾವಾಗಿ ಬಿಟ್ಟಿದ್ದರು. ಭಾರತೀಯನೊಬ್ಬ ಅಲ್ಲಿ ಮುಖ್ಯ ಎಂಜಿನಿಯರ್ ಆಗುವ ದಾರಿ ಆಗ ಕಾಣುತ್ತಿರಲಿಲ್ಲ. ಮೂಸಿ ನದಿ ಉಕ್ಕಿ ಹೈದರಾಬಾದ್ ಹಾಳಾದಾಗ ಅಲ್ಲಿಯವರು ಕರೆದರು. 1909ರ ನವೆಂಬರಿನಲ್ಲಿ ಮೈಸೂರಿಗೆ ಬಂದರು. ಮುಂದೆ ಅಲ್ಲೇ ದಿವಾನರಾದ ಅವರು 1918ರಲ್ಲಿ ಆ ಹುದ್ದೆ ಬಿಟ್ಟದ್ದು ಎರಡನೆಯ ನಿವೃತ್ತಿ. ಅದಾದ ಮೇಲೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನಷ್ಟದಿಂದ ಮೇಲೆತ್ತುವ ಕೆಲಸ, 1934ರಲ್ಲಿ ಯೋಜಿತ ಅರ್ಥವ್ಯವಸ್ಥೆಯ ಕುರಿತ ಪುಸ್ತಕ, ತೊಂಬತ್ತರ ಆಸುಪಾಸಿನಲ್ಲಿ ಬಿಹಾರದ ಗಂಗಾ ಸೇತುವೆಗೆ ಜಾಗ ಗೊತ್ತುಮಾಡುವ ಹೊಣೆ.

ಆ ಕಟ್ಟೆಯಿಂದ ಶ್ರೀರಂಗಪಟ್ಟಣ, ಪಾಂಡವಪುರದ ನಾಲೆಗಳಲ್ಲಿ ಹರಿಯುವ ನೀರಿನ ಹಿಂದೆ ನಾಲ್ವಡಿ ಕೃಷ್ಣರಾಜ ಒಡೆಯರ ಛಲವಿದೆ, ಸಾವಿರಾರು ಕೂಲಿಕಾರರ ಬೆವರಿದೆ, ನೀರಿನಲ್ಲಿ ಮುಳುಗಿದ ಊರುಗಳ ನೋವಿದೆ. ಅದರ ಜೊತೆಗೆ ಒಬ್ಬ ನಿವೃತ್ತ ನೌಕರನ ಎರಡನೆಯ ಸುತ್ತಿನ ದುಡಿಮೆಯೂ ಇದೆ. ಇದನ್ನು ನಾವು ಹೇಳುವುದು ಕಡಿಮೆ.

ಹೀಗೆಂದು ಅರವತ್ತು ದಾಟಿದ ಪ್ರತಿಯೊಬ್ಬರ ಮುಂದೆಯೂ ವಿಶ್ವೇಶ್ವರಯ್ಯನವರ ಪಟ ಹಿಡಿದು ನಿಲ್ಲುವುದು ಅನ್ಯಾಯ. ಅವರಂಥ ಆಯುಸ್ಸು, ಆರೋಗ್ಯ, ಅವಕಾಶ ಎಲ್ಲರಿಗೂ ಬರುವುದಿಲ್ಲ. ಅವರ ಬದುಕಿನಿಂದ ನಾನು ಎತ್ತಿಕೊಳ್ಳುವುದು ಒಂದೇ ಸಂಗತಿ. ಮುಂಬಯಿಯಲ್ಲಿ ಅವರು ಬಿಟ್ಟುಬಂದದ್ದು ಹುದ್ದೆಯನ್ನು ಮಾತ್ರ. ನೀರಿನ ಲೆಕ್ಕ, ಕಲ್ಲು ಗಾರೆಯ ಅರಿವು, ಕೆಲಸ ತೆಗೆಸುವ ಜಾಣ್ಮೆ ಎಲ್ಲ ಅವರ ಜೊತೆಗೇ ಬಂದವು. ಹುದ್ದೆ ಸರ್ಕಾರದ್ದು, ಕಸುಬು ಮನುಷ್ಯನದು.

ನಮ್ಮ ಬೀಳ್ಕೊಡುಗೆ ಸಭೆಗಳಲ್ಲಿ ಎರಡನ್ನೂ ಒಟ್ಟಿಗೆ ಇಳಿಸಿಬಿಡುತ್ತೇವೆ. ತಿಂಗಳ ಕೊನೆಯ ದಿನ ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ಸಹೋದ್ಯೋಗಿಗಳ ಜೊತೆ ಒಂದು ಫೋಟೊ. ಮಾತಾಡುವವರೆಲ್ಲ ‘ಇನ್ನು ಆರಾಮಾಗಿರಿ’ ಎನ್ನುತ್ತಾರೆ. ಮನೆಯಲ್ಲಿ ‘ದುಡಿದದ್ದು ಸಾಕು, ಕೃಷ್ಣಾ ರಾಮಾ ಅಂತಿರಿ’ ಎನ್ನುತ್ತಾರೆ. ಹೇಳುವವರ ಮನಸ್ಸು ಒಳ್ಳೆಯದೇ. ಮೊದಲ ಕೆಲವು ತಿಂಗಳು ಧರ್ಮಸ್ಥಳ, ತಿರುಪತಿ, ಬಾಕಿ ಉಳಿದ ಮದುವೆ ಮನೆಗಳಲ್ಲಿ ಕಳೆಯುತ್ತವೆ. ಆಮೇಲೆ ಬೆಳಗಾದರೆ ಎಲ್ಲಿಗೆ ಹೋಗಬೇಕೆಂದು ತೋಚುವುದಿಲ್ಲ. ಮೂವತ್ತು ವರ್ಷ ‘ಸಾರ್’ ಅನ್ನಿಸಿಕೊಂಡವರು ಸಂತೆ ಬೀದಿಯ ಟೀ ಅಂಗಡಿಯಲ್ಲಿ ಪೇಪರ್ ಹಿಡಿದು ಮಧ್ಯಾಹ್ನದವರೆಗೆ ಕೂರುವುದನ್ನು ಕೆ.ಆರ್. ಪೇಟೆಯಲ್ಲೂ ನಾಗಮಂಗಲದಲ್ಲೂ ನೋಡಬಹುದು. ಅವರ ಮುಖದಲ್ಲಿರುವುದು ಆಯಾಸವಲ್ಲ. ತನ್ನನ್ನು ಯಾರೂ ಏನೂ ಕೇಳುತ್ತಿಲ್ಲ ಎಂಬ ಪೆಚ್ಚು ಅದು.

ಅರವತ್ತು ಎಂಬ ಸಂಖ್ಯೆಗೂ ಮೈಯ ಶಕ್ತಿಗೂ ಅಂಥ ನಂಟಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಕರ್ನಾಟಕ ಸರ್ಕಾರ ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಿದ್ದು 2008ರಲ್ಲಿ. ಜರ್ಮನಿಯಲ್ಲಿ 1889ರ ಪಿಂಚಣಿ ಕಾನೂನು 70 ಎಂದಿತು, 1916ರಲ್ಲಿ ಅದು 65ಕ್ಕೆ ಇಳಿಯಿತು. ಇವೆಲ್ಲ ಬೊಕ್ಕಸದ ಲೆಕ್ಕಗಳು. ಒಬ್ಬ ಮೇಷ್ಟರಿಗೆ ಭಿನ್ನರಾಶಿ ಕಲಿಸುವ ಕೌಶಲ ಮೇ 31ರ ಸಂಜೆ ಇದ್ದದ್ದು ಜೂನ್ 1ರ ಬೆಳಿಗ್ಗೆ ಹೋಗಿರುವುದಿಲ್ಲ.

ಈ ಮಂಡ್ಯ ಸೀಮೆಯಲ್ಲಿ ನಿವೃತ್ತಿಯ ನಂತರದ ಬದುಕನ್ನು ಯೋಚಿಸುವವರಿಗೆ ನನ್ನ ಪ್ರಕಾರ ಎಲ್ಲರಿಗಿಂತ ಹತ್ತಿರದ ದೃಷ್ಟಾಂತ ಎಚ್.ಎಲ್. ನಾಗೇಗೌಡರು. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದವರು. ಕಂದಾಯ ಇಲಾಖೆಯ ಹಾದಿಯಲ್ಲೇ ಮೇಲೇರಿ ಐಎಎಸ್ ಅಧಿಕಾರಿಯಾದವರು. 1973ರಲ್ಲಿ ನಿವೃತ್ತರಾದರು. ಆಗ ಅವರಿಗೆ 58. ಬೆಂಗಳೂರಿನಲ್ಲಿ ಮನೆ, ಪಿಂಚಣಿ, ಹೆಸರು ಎಲ್ಲ ಇಟ್ಟುಕೊಂಡು ಸುಮ್ಮನಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರು ಟೇಪ್ ರೆಕಾರ್ಡರ್ ಹಿಡಿದು ಹಳ್ಳಿಗಳ ಕಡೆ ನಡೆದರು. ಸೋಬಾನೆ ಹೇಳುವ ಅಜ್ಜಿಯರು, ತತ್ವಪದದವರು, ಕಂಸಾಳೆಯವರು, ನೀಲಗಾರರು, ಹೀಗೆ ಒಬ್ಬೊಬ್ಬರೇ ತೀರಿಕೊಳ್ಳುತ್ತ ಜೊತೆಗೆ ಹಾಡನ್ನೂ ಒಯ್ಯುತ್ತಿದ್ದ ಕಾಲ ಅದು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದರು. ‘ಜಾನಪದ ಜಗತ್ತು’ ಪತ್ರಿಕೆ ಹೊರಟಿತು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ರಾಮನಗರದ ಬಳಿ 15 ಎಕರೆ ಜಾಗದಲ್ಲಿ ಜಾನಪದ ಲೋಕ ತೆರೆದದ್ದು 1994ರಲ್ಲಿ. ಆಗ ಅವರಿಗೆ 79 ವರ್ಷ.

ಜಾನಪದ ಲೋಕದ ಆಯಗಾರಮಾಲೆಗೆ ಹೋದವರು ಅಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಕುಂಬಾರ, ಕಮ್ಮಾರ, ಬಡಗಿ ಬಳಸುತ್ತಿದ್ದ ಸಲಕರಣೆಗಳು ಅಲ್ಲಿವೆ. ಲೋಕಮಹಲಿನಲ್ಲಿ ಸೂತ್ರದ ಬೊಂಬೆ, ವಾದ್ಯ, ವೇಷಭೂಷಣಗಳಿವೆ. ಇವನ್ನೆಲ್ಲ ಒಟ್ಟುಮಾಡುವುದಕ್ಕೆ ಜಾನಪದದ ಪ್ರೀತಿಯೊಂದೇ ಸಾಲದು. ಸರ್ಕಾರದಿಂದ ಜಾಗ ಮಂಜೂರು ಮಾಡಿಸಬೇಕು, ಅನುದಾನದ ಕಡತ ಎಲ್ಲಿ ನಿಂತಿದೆ ಎಂದು ಗೊತ್ತಿರಬೇಕು, ಟ್ರಸ್ಟಿನ ಲೆಕ್ಕ ಚೊಕ್ಕವಾಗಿಡಬೇಕು, ಕಲಾವಿದರಿಗೆ ಬಸ್ ಚಾರ್ಜು ಹೊತ್ತಿಗೆ ಸಿಗುವಂತೆ ನೋಡಿಕೊಳ್ಳಬೇಕು. ಅಮಲ್ದಾರಿಕೆ, ಜಿಲ್ಲಾಧಿಕಾರಿತನ ಕಲಿಸಿದ ವಿದ್ಯೆ ಇದು. ಪ್ರೀತಿ ಇದ್ದ ಜಾನಪದ ವಿದ್ವಾಂಸರು ಆಗಲೂ ಹಲವರಿದ್ದರು. ಆಡಳಿತ ಬಲ್ಲ ಪ್ರೇಮಿ ಸಿಕ್ಕಾಗ ಸಂಸ್ಥೆ ಎದ್ದಿತು. ನಾಗೇಗೌಡರು ನೌಕರಿಯ ಅನುಭವವನ್ನು ಮರೆತು ಹೊಸಬರಾದವರಲ್ಲ, ಅದೇ ಅನುಭವವನ್ನು ಬೇರೆ ಕಡೆಗೆ ತಿರುಗಿಸಿದವರು ಎಂಬುದು ನನ್ನ ತಿಳಿವಳಿಕೆ.

ಇಲ್ಲಿರುವ ವರ್ಷಗಳನ್ನು ಇನ್ನೊಮ್ಮೆ ನೋಡಬೇಕು. ನಿವೃತ್ತಿಯಿಂದ ಪರಿಷತ್ತಿಗೆ ಆರು ವರ್ಷ, ಜಾನಪದ ಲೋಕಕ್ಕೆ ಇಪ್ಪತ್ತೊಂದು ವರ್ಷ. ಶಾಲು ಹೊದಿಸಿಕೊಂಡ ಮರುದಿನವೇ ಬಾಳಿಗೆ ಗುರಿ ಸಿಗಬೇಕೆಂದು ಚಡಪಡಿಸುವವರಿಗೆ ಇದು ಸಮಾಧಾನ ಕೊಡಬಹುದು. ಇನ್ನೊಂದು ಮಾತು. ಅವರ ಆಸಕ್ತಿ ನಿವೃತ್ತಿಯ ದಿನ ಹುಟ್ಟಿದ್ದಲ್ಲ. ‘ಪ್ರವಾಸಿ ಕಂಡ ಇಂಡಿಯಾ’ದಂಥ ಸಂಪುಟಗಳ ಕೆಲಸಕ್ಕೆ ಅವರು ಸೇವೆಯಲ್ಲಿದ್ದಾಗಲೇ ಕೈಹಾಕಿದ್ದರು. ಐವತ್ತರಲ್ಲಿ ಬಿತ್ತದೆ ಅರವತ್ತೊಂದರಲ್ಲಿ ಕೊಯ್ಲಿಗೆ ಕುಡುಗೋಲು ಹಿಡಿದು ಹೋದರೆ ಹೊಲದಲ್ಲಿ ಏನಿರುತ್ತದೆ?

ಬರೆಯುವವರ ಪಟ್ಟಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಂಬ ಈ ನಾಲ್ಕು ತಾಲ್ಲೂಕಿನಲ್ಲಿ ದೊಡ್ಡದೇ ಇದೆ. ನಾಗೇಗೌಡರು ಹುಟ್ಟಿದ ವರ್ಷವೇ ಪಕ್ಕದ ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರು ಗೃಹಮಂಡಳಿಯ ಗುಮಾಸ್ತಿಕೆಯಿಂದ 1970ರಲ್ಲಿ ಬಿಡುಗಡೆಯಾದರು. ಕೇಂದ್ರ ಸಾಹಿತ್ಯ ಅಕಾಡೆಮಿ ಮನ್ನಣೆ ಪಡೆದ ‘ತೆರೆದ ಬಾಗಿಲು’ ಬಂದದ್ದು 1976ರಲ್ಲಿ. ಅದೇ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾವ್ ಅವರು ‘ದೇವರು’ ಪ್ರಕಟಿಸಿದಾಗ ಅವರಿಗೆ ತೊಂಬತ್ತು ದಾಟಿತ್ತು. ಮೇಲುಕೋಟೆಯ ಪು.ತಿ. ನರಸಿಂಹಾಚಾರ್ಯರು ‘ಶ್ರೀಹರಿಚರಿತೆ’ ಎಂಬ ಮಹಾಕಾವ್ಯ ಕೊಟ್ಟದ್ದು ಎಂಬತ್ತರಲ್ಲಿ. ನಾಗಮಂಗಲದ ಬೆಳ್ಳೂರಿನವರಾದ ಬಿ.ಎಂ. ಶ್ರೀಕಂಠಯ್ಯನವರು ಮೈಸೂರು ವಿಶ್ವವಿದ್ಯಾನಿಲಯದಿಂದ ನಿವೃತ್ತರಾದ ಮೇಲೆ ಧಾರವಾಡಕ್ಕೆ ಹೋಗಿ ಹೊಸ ಕಾಲೇಜೊಂದರ ಪ್ರಾಂಶುಪಾಲರಾಗಿ ಕೂತರು, 1946ರಲ್ಲಿ ಅಲ್ಲೇ ತೀರಿಕೊಂಡರು. ಹೆಮ್ಮೆಯ ಹೆಸರುಗಳು ಇವು. ಆದರೆ ಕವಿಗೆ ಕಾಗದ ಸಾಕು, ಕೇಳುವವರು ಬೇಕೆಂದೇನಿಲ್ಲ. ಉಳಿದವರ ಕಸುಬಿಗೆ ಎದುರಿಗೊಬ್ಬ ಮನುಷ್ಯ ಬೇಕು. ಹಾಗಾಗಿ ನಾನು ಚಿಂತಿಸುವುದು ಗ್ರಾಮ ಲೆಕ್ಕಿಗ, ಫಿಟ್ಟರ್, ನರ್ಸ್, ಡ್ರೈವರ್, ಪ್ರೈಮರಿ ಶಾಲೆಯ ಮೇಷ್ಟರುಗಳ ಬಗ್ಗೆ.

ನನ್ನ ವಾದ ಇಷ್ಟು: ನಿವೃತ್ತರಿಗೆ ಬಾಳಿನ ಉದ್ದೇಶ ಒಬ್ಬರೇ ಕೂತು ಮನಸ್ಸು ಕೆದಕಿದರೆ ಸಿಗುವುದು ಅಪರೂಪ. ತಮಗೆ ಗೊತ್ತಿರುವ ಕೆಲಸಕ್ಕಾಗಿ ಕಾದು ನಿಂತವರನ್ನು ಕಂಡಾಗ ಅದು ತಾನಾಗಿ ಬರುತ್ತದೆ. ಅಂಥವರು ಅತಿ ಹೆಚ್ಚು ಇರುವುದು ನಾವು ಬಿಟ್ಟುಬಂದ ಊರುಗಳಲ್ಲಿ.

ಪಹಣಿಯನ್ನೇ ತೆಗೆದುಕೊಳ್ಳಿ. ನಾಗಮಂಗಲದ ಯಾವುದೇ ಹಳ್ಳಿಯಲ್ಲಿ ಗಂಡ ಸತ್ತು ಎಷ್ಟೋ ವರ್ಷವಾದ ಹೆಂಗಸೊಬ್ಬಳು ಎರಡು ಎಕರೆ ರಾಗಿ ಹೊಲ ಉಳುತ್ತಿರುತ್ತಾಳೆ. ಪಹಣಿಯ 9ನೇ ಕಾಲಂನಲ್ಲಿ ಇನ್ನೂ ಮಾವನ ಹೆಸರು. ಅಲ್ಲಿ ‘ತಿಮ್ಮೇಗೌಡ ಬಿನ್ ಬೋರೇಗೌಡ’ ಎಂದಿದ್ದರೆ ಮರಣ ಪತ್ರದಲ್ಲಿ ‘ತಿಮ್ಮಯ್ಯ’. ಆಕೆಯ ಆಧಾರ್‌ನಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು. ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗದೆ ಸೊಸೈಟಿಯಲ್ಲಿ ಬೆಳೆ ಸಾಲವಿಲ್ಲ, ಬರ ಬಂದರೆ ಪರಿಹಾರ ಅವಳ ಖಾತೆಗೆ ಬೀಳುವುದಿಲ್ಲ. ನಾಡಕಚೇರಿಗೆ ಹೋದರೆ ವಂಶವೃಕ್ಷ ತನ್ನಿ ಎನ್ನುತ್ತಾರೆ, ವಂಶವೃಕ್ಷಕ್ಕೆ ಹೋದರೆ ಅಫಿಡವಿಟ್ ಎನ್ನುತ್ತಾರೆ. ಪ್ರತಿ ಸಲವೂ ಒಂದು ದಿನದ ಕೂಲಿ ಹೋಗುತ್ತದೆ, ನಡುವೆ ಬ್ರೋಕರ್ ಕೈಚಾಚುತ್ತಾನೆ. ಇದೇ ಊರಿನಲ್ಲಿ ಮೂವತ್ತು ವರ್ಷ ಪಹಣಿ, ಎಂಆರ್, ಆಕಾರ್‌ಬಂದ್, ಟಿಪ್ಪಣಿಗಳ ನಡುವೆಯೇ ಬದುಕಿದ ನಿವೃತ್ತ ಗ್ರಾಮ ಲೆಕ್ಕಿಗರೊಬ್ಬರು ಜಗಲಿಯ ಮೇಲೆ ಬೇಸರದಿಂದ ಕೂತಿರುತ್ತಾರೆ. ಆ ಕಾಗದಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು, ಹೆಸರಿನ ವ್ಯತ್ಯಾಸಕ್ಕೆ ಏನು ಬರೆದು ಕೊಡಬೇಕು ಎಂಬುದು ಅವರಿಗೆ ನಿದ್ದೆಯಲ್ಲೂ ಗೊತ್ತು. ಇಬ್ಬರ ಮನೆಗಳ ನಡುವೆ ಒಂದು ಬೀದಿಯೂ ಇರುವುದಿಲ್ಲ. ಅವಳು ಕೇಳಲು ಅಂಜುತ್ತಾಳೆ, ಕರೆಯದೆ ಹೋಗಲು ಅವರಿಗೆ ಸಂಕೋಚ.

ಪಾಂಡವಪುರದ ಕಡೆ ಬಂದರೆ ಆಲೆಮನೆಗಳಿವೆ. ಬೆಲ್ಲ ಬೆಳ್ಳಗೆ ಕಾಣಲಿ ಎಂದು ಕೊಪ್ಪರಿಗೆಗೆ ಹೈಡ್ರೋಸ್ ಎಂಬ ರಾಸಾಯನಿಕ ಸುರಿಯುವ ಚಾಳಿ ಮಂಡ್ಯ ಬೆಲ್ಲದ ಹೆಸರನ್ನೇ ಕೆಡಿಸಿದೆ. ಹಿಂದಿನವರು ಬೆಂಡೆಗಿಡವನ್ನು ಜಜ್ಜಿ ಅದರ ಲೋಳೆ ಹಾಕಿ ಕೊಳೆ ತೆಗೆಯುತ್ತಿದ್ದರು. ಎಷ್ಟು ಸುಣ್ಣ ಬಿಡಬೇಕು, ಯಾವ ಹದದಲ್ಲಿ ಉರಿ ತಗ್ಗಿಸಬೇಕು ಎಂಬುದು ರಸಾಯನಶಾಸ್ತ್ರವೂ ಹೌದು, ಕೈಹದವೂ ಹೌದು. 1933ರಲ್ಲಿ ಶುರುವಾದ ಮಂಡ್ಯದ ಮೈಷುಗರ್, ಆಮೇಲೆ ಬಂದ ಪಾಂಡವಪುರ ಸಹಕಾರಿ ಕಾರ್ಖಾನೆ, ವಿ.ಸಿ. ಫಾರಂ ಇವೆಲ್ಲ ತಲೆಮಾರುಗಳ ಕಾಲ ಕೆಮಿಸ್ಟ್, ಪ್ಯಾನ್‌ಮನ್, ಬಾಯ್ಲರ್ ಆಪರೇಟರ್, ಕಬ್ಬಿನ ತಳಿ ಬಲ್ಲವರನ್ನು ತಯಾರು ಮಾಡಿವೆ. ರಸದ ಹುಳಿ ಎಷ್ಟಿದೆ ಎಂದು ನೋಡಿ ಹೇಳಬಲ್ಲ ನಿವೃತ್ತ ಕೆಮಿಸ್ಟ್ ಒಬ್ಬರು ವಾರಕ್ಕೊಮ್ಮೆ ಆಲೆಮನೆಯಲ್ಲಿ ನಿಂತರೆ, ಹೈಡ್ರೋಸ್ ಇಲ್ಲದ ಬೆಲ್ಲವನ್ನು ಒಳ್ಳೆಯ ಬಣ್ಣದಲ್ಲಿ ತೆಗೆಯುವುದು ಆ ಮಾಲೀಕರಿಗೂ ಕಷ್ಟವಲ್ಲ. ಬೆಲೆಯೂ ಹೆಚ್ಚು ಸಿಗುತ್ತದೆ.

 

ಹೆಣ್ಣುಮಕ್ಕಳ ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ನಿವೃತ್ತ ಶಿಕ್ಷಕಿ, ನಿವೃತ್ತ ನರ್ಸ್ ಇವರಿಗೆ ನಿವೃತ್ತಿಯ ಮರುದಿನವೇ ಬೆಂಗಳೂರಿನಿಂದ ಕರೆ ಬರುತ್ತದೆ, ಮೊಮ್ಮಗುವನ್ನು ನೋಡಿಕೊಳ್ಳಲು. ಮೊಮ್ಮಕ್ಕಳ ಸಂತೋಷ ಸಣ್ಣದಲ್ಲ. ಆದರೆ ಗಂಡಸಿಗೆ ‘ಏನು ಮಾಡೋಣ ಅಂತಿದ್ದೀರಿ’ ಎಂದು ಕೇಳುವ ಕುಟುಂಬ ಹೆಂಗಸಿಗೆ ಆ ಪ್ರಶ್ನೆಯನ್ನೇ ಕೇಳುವುದಿಲ್ಲ. ಸಕ್ಕರೆ ಕಾಯಿಲೆ, ಬಿಪಿ ಮಾತ್ರೆಯನ್ನು ‘ಈಗ ಚೆನ್ನಾಗಿದ್ದೀನಿ’ ಎಂದು ನಡುವೆ ಬಿಟ್ಟುಬಿಡುವ ಮುದುಕರಿಗೆ ಬುದ್ಧಿ ಹೇಳಲು ಊರಿನ ನಿವೃತ್ತ ನರ್ಸ್‌ಗಿಂತ ಯೋಗ್ಯರು ಯಾರು? ಆಕೆ ಆ ಹೊತ್ತಿನಲ್ಲಿ ಮಗನ ಅಪಾರ್ಟ್‌ಮೆಂಟಿನಲ್ಲಿ ಮಗುವಿನ ಸ್ಕೂಲ್ ವ್ಯಾನ್ ಕಾಯುತ್ತಿರುತ್ತಾಳೆ. ಇದು ಆಕೆಯೇ ಆರಿಸಿಕೊಂಡದ್ದಾದರೆ ಸರಿ, ಹೇರಿದ್ದಾದರೆ ತಪ್ಪು.

ಇಲ್ಲಿಯವರೆಗಿನ ಮಾತಿಗೆ ದೊಡ್ಡ ಆಕ್ಷೇಪವೊಂದಿದೆ, ಅದು ನ್ಯಾಯವಾದದ್ದು. ನಿವೃತ್ತಿ ಎಂಬುದೇ ಸಂಬಳದವರ ಸವಲತ್ತು. ಈ ನಾಲ್ಕು ತಾಲ್ಲೂಕಿನ ಬಹುಪಾಲು ಮುದುಕರಿಗೆ ಅದು ಬರುವುದೇ ಇಲ್ಲ. ಎಪ್ಪತ್ತಾದ ಅಜ್ಜಿ ಕಳೆ ಕೀಳುತ್ತಲೇ ಇರುತ್ತಾಳೆ, ಹಸುವಿಗೆ ಹುಲ್ಲು ತರುತ್ತಲೇ ಇರುತ್ತಾಳೆ. ಅವಳಿಗೆ ಸರ್ಕಾರ ಕೊಡುವ ಸಂಧ್ಯಾ ಸುರಕ್ಷಾ ತಿಂಗಳಿಗೆ 1,200 ರೂಪಾಯಿ. ಅವಳಿಗೆ ಬೇಕಾದದ್ದು ಉದ್ದೇಶವಲ್ಲ, ವಿಶ್ರಾಂತಿ. ಇದನ್ನು ಒಪ್ಪಿದ ಮೇಲೆ ನನ್ನ ವಾದ ಬಿದ್ದುಹೋಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. ತಿಂಗಳು ತಿಂಗಳು ಪಿಂಚಣಿ ಪಡೆಯುವವರ ಕೌಶಲ ತಯಾರಾದದ್ದು ಸರ್ಕಾರಿ ಶಾಲೆಯಲ್ಲಿ, ಸರ್ಕಾರಿ ಸಂಬಳದಲ್ಲಿ. ಅದಕ್ಕೆ ಹೋದ ತೆರಿಗೆಯಲ್ಲಿ ಕಳೆ ಕೀಳುವ ಅಜ್ಜಿಯ ಪಾಲೂ ಇದೆ. ಅದನ್ನು ಸಾಲವೆಂದು ವಸೂಲು ಮಾಡಬೇಕಿಲ್ಲ, ನೆನಪಿನಲ್ಲಿಟ್ಟರೆ ಸಾಕು. ಎಲ್ಲ ನಿವೃತ್ತರೂ ಅನುಕೂಲವಂತರಲ್ಲ ಎಂಬುದೂ ನಿಜ. ರಾಜ್ಯದಲ್ಲಿ 2006ರ ಏಪ್ರಿಲ್ 1ರ ನಂತರ ಕೆಲಸಕ್ಕೆ ಸೇರಿದವರು ಹೊಸ ಪಿಂಚಣಿ ವ್ಯವಸ್ಥೆಯೊಳಗೆ ಬಂದರು. ಖಾಸಗಿ ಕಾರ್ಖಾನೆ, ಗಾರ್ಮೆಂಟ್ಸ್‌ಗಳಿಂದ ಬರುವವರ ಕೈಗೆ ಬರುವುದು ಇನ್ನೂ ಕಡಿಮೆ. ಅವರಿಗೆ ‘ಸೇವೆ ಮಾಡಿ’ ಎಂದು ಉಪದೇಶಿಸುವ ಬದಲು ಕೆಲಸಕ್ಕೆ ಕೂಲಿ ಕೊಡಬೇಕು.

ಇದನ್ನು ಜಪಾನಿನವರು ಮೊದಲೇ ಯೋಚಿಸಿದರು. 1975ರಲ್ಲಿ ಟೋಕಿಯೋದಲ್ಲಿ ವಯಸ್ಸಾದವರೇ ಸದಸ್ಯರಾಗಿರುವ ಒಂದು ಸಂಸ್ಥೆ ಶುರುವಾಯಿತು. ತೋಟ ಸವರುವುದು, ಬಾಗಿಲು ರಿಪೇರಿ, ಲೆಕ್ಕ ಬರೆಯುವುದು ಮುಂತಾದ ಅಲ್ಪಾವಧಿ ಕೆಲಸಗಳನ್ನು ಊರಿನವರಿಂದ ಪಡೆದು ಸದಸ್ಯರಿಗೆ ಹಂಚಿ ಸಂಭಾವನೆ ಕೊಡುವ ಪದ್ಧತಿ. ಈಗ ಅದು ದೇಶದ ತುಂಬ ಇದೆ, ಅದಕ್ಕೆ ಕಾನೂನಿನ ಬೆಂಬಲವಿದೆ. ಪೂರ್ತಿ ನೌಕರಿಯೂ ಅಲ್ಲದ, ಪೂರ್ತಿ ಬಿಟ್ಟಿಯೂ ಅಲ್ಲದ ಈ ನಡುದಾರಿ ನಮ್ಮ ಪಂಚಾಯಿತಿಗಳಿಗೆ ಚೆನ್ನಾಗಿ ಹೊಂದುತ್ತದೆ.

ಎರಡು ಎಚ್ಚರ ಬೇಕು. ಒಂದು, ನಿರುದ್ಯೋಗಿ ಯುವಕರ ಅನ್ನಕ್ಕೆ ಕೈಹಾಕಬಾರದು. ಬಿ.ಎಡ್. ಮುಗಿಸಿ ಮನೆಯಲ್ಲಿ ಕೂತ ಹುಡುಗಿಗೆ ಸಿಗಬೇಕಾದ ಅತಿಥಿ ಶಿಕ್ಷಕಿಯ ಜಾಗಕ್ಕೆ ಪಿಂಚಣಿ ಪಡೆಯುವ ಮೇಷ್ಟರು ಅರ್ಜಿ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಶಾಲೆ ಬಿಟ್ಟ ಮೇಲೆ ಹಿಂದುಳಿದ ನಾಲ್ಕು ಮಕ್ಕಳನ್ನು ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕೂರಿಸಿಕೊಂಡು ಮಗ್ಗಿ, ಓದು ಕಲಿಸಲು ಸಂಬಳದವರು ಯಾರೂ ಇಲ್ಲ. ಆ ಕೆಲಸ ಅವರದು. ಇನ್ನೊಂದು, ಕುರ್ಚಿಯ ಗತ್ತನ್ನು ಹಳ್ಳಿಗೆ ತರಬಾರದು. ನಿವೃತ್ತ ಅಧಿಕಾರಿ ಊರಿಗೆ ಬಂದ ವರ್ಷದೊಳಗೆ ದೇವಸ್ಥಾನದ ಸಮಿತಿ, ಡೇರಿ, ಪಂಚಾಯಿತಿ ಎಲ್ಲದರಲ್ಲೂ ಆಜ್ಞೆ ಹೊರಡಿಸತೊಡಗಿದರೆ ಊರು ಎರಡು ಪಾರ್ಟಿ ಆಗುತ್ತದೆ, ಅವರ ಒಳ್ಳೆಯ ಸಲಹೆಯೂ ಒಂದು ಪಾರ್ಟಿಯದಾಗುತ್ತದೆ. ನಾಲೆಯ ಕೊನೆಯ ಗದ್ದೆಗೆ ನೀರು ಯಾವ ದಿನ ಏರುತ್ತದೆ ಎಂಬುದನ್ನು ನೀರುಗಂಟಿ ಬಲ್ಲಷ್ಟು ನಿವೃತ್ತ ಎಂಜಿನಿಯರ್ ಬಲ್ಲವರಲ್ಲ. ಕೇಳಿ ತಿಳಿದುಕೊಳ್ಳುವ ಮನಸ್ಸಿದ್ದವರಿಗೆ ಮಾತ್ರ ಊರು ತನ್ನ ಕಷ್ಟ ಹೇಳಿಕೊಳ್ಳುತ್ತದೆ.

ಊರಿನ ಮೇಲೂ ಹೊಣೆಯಿದೆ. ಕರೆಯದೆ ಬರುವವರು ಕಡಿಮೆ. ಮೈಸೂರು ಕರೆದದ್ದರಿಂದ ವಿಶ್ವೇಶ್ವರಯ್ಯ ಬಂದರು, ಧಾರವಾಡ ಕರೆದದ್ದರಿಂದ ಬಿ.ಎಂ.ಶ್ರೀ ಹೋದರು. ನಮ್ಮ ಪಂಚಾಯಿತಿಗಳಲ್ಲಿ ಕೊಳವೆ ಬಾವಿಗಳ ಪಟ್ಟಿ ಇದೆ, ಬೀದಿ ದೀಪಗಳ ಪಟ್ಟಿ ಇದೆ. ಈ ಊರಿನಲ್ಲಿ ಯಾರು ಯಾವ ಕೆಲಸದಿಂದ ನಿವೃತ್ತರಾಗಿದ್ದಾರೆ, ಅವರಿಗೆ ಏನು ಬರುತ್ತದೆ, ವಾರಕ್ಕೆ ಎಷ್ಟು ಹೊತ್ತು ಕೊಡಬಲ್ಲರು ಎಂಬ ಪಟ್ಟಿಯನ್ನು ಮಾತ್ರ ಯಾರೂ ಬರೆಸುವುದಿಲ್ಲ. ಅದಕ್ಕೆ ಅನುದಾನ ಬೇಕಿಲ್ಲ, ಒಂದು ನೋಟ್‌ಪುಸ್ತಕ ಸಾಕು.

ಕಾನೂನಿನ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಪಂಚಾಯಿತಿ ಅಧ್ಯಕ್ಷರಲ್ಲಿ, ಪಿಡಿಒಗಳಲ್ಲಿ ನನ್ನದೊಂದು ವಿನಂತಿ. ಮುಂದಿನ ಗ್ರಾಮಸಭೆಯಲ್ಲಿ ಫಲಾನುಭವಿಗಳ ಪಟ್ಟಿ ಓದಿದ ಮೇಲೆ ಈ ಎರಡನೆಯ ಪಟ್ಟಿಯನ್ನೂ ಬರೆಯಲು ಶುರುಮಾಡಿ. ನಿವೃತ್ತರಾಗಿ ಊರಿಗೆ ಬಂದಿರುವವರು ಆ ದಿನ ಸಭೆಗೆ ಹೋಗಿ, ಹೆಸರಿನ ಮುಂದೆ ಹಿಂದಿನ ಹುದ್ದೆಯನ್ನು ಬರೆಸದೆ, ಮಾಡಬಲ್ಲ ಕೆಲಸವನ್ನು ಬರೆಸಿ.